ರೇಡಿಯೋ ಸದ್ದಿಗೆ ಮೂರು ಸ್ನಾನ

ಆ ಮಂಗಳವಾರ ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ರೇಡಿಯೋ ಗೊರಗೊರ ಅನ್ನುತ್ತಿತ್ತು, ಅದು ನಿಲ್ಲಲಿ ಎಂದು ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡರು. ನಡೆದದ್ದು ಇಷ್ಟೇ. ಮಿಕ್ಕಿದ್ದನ್ನು ಬಸ್ಸಿನವರು ಸೇರಿಸಿದರು.

ಇಷ್ಟು ವರ್ಷದ ಮೇಲೆ ಇದನ್ನು ಯಾಕೆ ಎತ್ತಿದೆ ಅಂದರೆ, ಹೋದ ವಾರ ಹಿತ್ತಲ ಬಚ್ಚಲಿಗೆ ಹೊಸ ಪೈಪು ಹಾಕಿಸಲು ನೆಲ ಅಗೆಸಿದೆವು. ಮಂಡಿಯುದ್ದ ಇಳಿದಿರಬೇಕು, ಗುದ್ದಲಿಗೆ ಠಣ್ ಅಂತ ಏನೋ ತಗುಲಿತು. ಅಗೆಯುತ್ತಿದ್ದವನು ನಿಧಿಯೇ ಸಿಕ್ಕಿತು ಅಂದುಕೊಂಡು ಕೈಮುಗಿದು ಕೂತುಬಿಟ್ಟ. ಹೋಗಿ ನೋಡಿದೆ. ಹಸಿರು ಹಿಡಿದ ತಾಮ್ರದ ಮುಚ್ಚಳ. ನಡುವೆ ಹಿಡಿ, ಹಿಡಿಗೆ ಸುತ್ತಿದ ತಂತಿ. ನನ್ನ ಮದುವೆಯಲ್ಲಿ ತೌರಿನವರು ಕೊಟ್ಟ ನೀರೊಲೆ ಹಂಡೆಯ ಮುಚ್ಚಳ ಅದು. ನಾನೇ ಅದನ್ನು ಕದ್ದು ತೌರಿಗೆ ಸಾಗಿಸಿದೆ ಎಂದು ನಮ್ಮತ್ತೆ ಸಾಯುವವರೆಗೂ ಹೇಳಿದರು. ಕೊಟ್ಟವರಿಗೇ ಕದ್ದು ಕೊಡುವ ಕಳ್ಳಿ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಮುಚ್ಚಳ ತೊಳೆದು ಅತ್ತೆಯ ಫೋಟೋದ ಮುಂದೆ ಇಟ್ಟು, "ನೋಡ್ಕಳಿ" ಅಂದೆ. ಫೋಟೋ ಏನು ಹೇಳುತ್ತದೆ? ಆಮೇಲೆ ಹುಣಸೆಹಣ್ಣು ಹಾಕಿ ಉಜ್ಜಿದೆ. ಅರ್ಧ ಹೊಳೆಯಿತು, ಅರ್ಧ ಹಾಗೇ ಇದೆ.

ನಾನು ಓದಿದ್ದು ಮೂರನೇ ಕ್ಲಾಸು. ರೇಡಿಯೋ ವಿಷಯದಲ್ಲಿ ಏನಾದರೂ ತಪ್ಪು ಬರೆದಿದ್ದರೆ ಓದಿದವರು ತಿದ್ದಿಕೊಳ್ಳಲಿ. ಬಚ್ಚಲಿನ ವಿಷಯದಲ್ಲಿ ನನ್ನನ್ನು ಯಾರೂ ತಿದ್ದಬೇಕಾಗಿಲ್ಲ.

ನನ್ನ ತೌರು ಹೊಸಕೋಟೆ ಕಡೆಯ ಸಮೇತನಹಳ್ಳಿ. ಅಲ್ಲಿ ಕೆಂಪು ಮಣ್ಣು, ಗುದ್ದಲಿ ಹಾಕಿದರೆ ಇಳಿಯುತ್ತದೆ. ಕೊಟ್ಟಿದ್ದು ತೂಬಗೆರೆ ಪಕ್ಕದ ಈ ಊರಿಗೆ. ಇಲ್ಲಿ ಮಾಕಳಿದುರ್ಗದ ಬೆಟ್ಟ ನೆಲದೊಳಗೇ ತೆವಳಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಮಲಗಿದೆ. ಒಂದಿಷ್ಟು ಅಗೆದರೆ ಕಲ್ಲು. ನೀರು ಸುರಿದರೆ ಕಲ್ಲಿನ ಸಂದಿಯಲ್ಲಿ ಇಳಿದು ಯಾರ ಹೊಲಕ್ಕೋ ಹೋಗುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯಲ್ಲಿ ಮಾವ, ಅತ್ತೆ, ನಮ್ಮ ಯಜಮಾನರು, ನಾನು. ಯುದ್ಧ ಮುಗಿದ ಮೇಲೆ ಮೈದುನ ಆಂಜಿನಪ್ಪ ಸೈನ್ಯದಿಂದ ವಾಪಸು ಬಂದ. ಬೇರೆಯವರ ಮಕ್ಕಳು ಕಂಬಳಿ ತಂದರು, ಬೂಟು ತಂದರು. ಇವನು ಒಂದು ಮೂಟೆ ತಂತಿ, ಗಾಜಿನ ಬುರುಡೆ, ಕಿವಿಗೆ ಹಾಕಿಕೊಳ್ಳುವ ಎರಡು ಕರಿ ಬಟ್ಟಲು ತಂದ. ಸೈನ್ಯದಲ್ಲಿ ಇವನದು ತಂತಿಯಿಲ್ಲದೆ ಬರುವ ಸುದ್ದಿ ಕೇಳಿ ಬರೆದುಕೊಳ್ಳುವ ಕೆಲಸವಂತೆ. ಮೂರು ತಿಂಗಳು ಕೂತು ತಾನೇ ಒಂದು ರೇಡಿಯೋ ಕಟ್ಟಿದ. ಹಿತ್ತಲಲ್ಲಿ ಎರಡು ಸರ್ವೆ ಮರದ ಗಳ ನೆಟ್ಟು ಮೇಲೆ ತಂತಿ ಎಳೆದ. ಹಳೇ ಲಾರಿಯ ಬ್ಯಾಟರಿಯನ್ನು ಹೊತ್ತು ದೊಡ್ಡಬಳ್ಳಾಪುರಕ್ಕೆ ಹೋಗಿ ಚಾರ್ಜು ಮಾಡಿಸಿಕೊಂಡು ಬರುತ್ತಿದ್ದ.

ಸೈನ್ಯದಲ್ಲಿ ಅವನ ಜೊತೆಯಲ್ಲಿದ್ದ ಗೆಳೆಯ ಪೆರೇರ ಅನ್ನುವವನು ಕೊಲಂಬೊದವನು. ಅಲ್ಲಿ ಅವನಿಗೆ ಸ್ವಂತ ಯಂತ್ರ ಇಟ್ಟುಕೊಂಡು ಸುದ್ದಿ ಕಳಿಸಲು ಮತ್ತೆ ಅಪ್ಪಣೆ ಸಿಕ್ಕಿತ್ತಂತೆ. ಪ್ರತಿ ಮಂಗಳವಾರ ಸಂಜೆ ನಾಲ್ಕಕ್ಕೆ ಕಟ್ಟ ಕಡ ಕಟ್ಟ ಕಡ ಎಂದು ಕುಟ್ಟುತ್ತೇನೆ, ಕೇಳು ಅಂತ ಕಾಗದ ಬರೆದಿದ್ದ. ಇವನಿಗೆ ಕೇಳುವುದಕ್ಕಷ್ಟೇ ಅಪ್ಪಣೆ, ವಾಪಸು ಕಳಿಸುವ ಹಾಗಿಲ್ಲ.

"ಹಂಗಾದ್ರೆ ನೀನು ಕೇಳಿದ್ದು ಅವನಿಗೆಂಗೆ ಗೊತ್ತಾಗ್ತದೆ?" ಅಂದೆ.

"ಕಾಗ್ದ ಬರೀತೀನಿ ಅತ್ತಿಗೆ."

"ಅವನೂ ಕಾಗ್ದದಾಗೇ ಬರೆದ್ರೆ ಈ ಪೆಟ್ಟಿಗೆ ಯಾಕಪ್ಪ ಬೇಕಿತ್ತು?"

ಅವನು ಬಟ್ಟಲು ಕಿವಿಗೆ ಹಾಕಿಕೊಂಡ.

ಅವನ ಪಾಡಿಗೆ ಅವನಿದ್ದಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಕೆಟ್ಟದ್ದು ಮಾವನಿಂದ. ಅವರು ಅರಳಿಕಟ್ಟೆಯಲ್ಲಿ ಕೂತು, "ನನ್ನ ಮಗ ಸಿಲೋನಿನ ಮನುಷ್ಯನ್ನ ನಮ್ಮ ಹಿತ್ತಲಾಗೆ ಮಾತಾಡಿಸ್ತಾನೆ" ಎಂದು ಹೇಳಿಬಿಟ್ಟರು. ಊರು ಬಿಡುತ್ತದೆಯೇ? ದನ ಹೊಡೆದುಕೊಂಡು ಹೋಗುವವನೂ, "ಏನ್ ಗೌಡ್ರೆ, ಸಿಲೋನು ಬಾಯಿ ಬಿಡ್ತಾ?" ಅನ್ನುವುದು. ರೇಡಿಯೋ ಬಾಯಿ ಬಿಡುತ್ತಿತ್ತು. ಆದರೆ ಬರೀ ಗೊರಗೊರ. ಹುರುಳಿ ಹುರಿದ ಹಾಗೆ ಒಂದು ಸದ್ದು, ಅದರ ಮೇಲೆ ಯಾರೋ ಗೋಣಿಚೀಲ ಹರಿದ ಹಾಗೆ ಇನ್ನೊಂದು. ಅದರ ಅಡಿಯಲ್ಲೆಲ್ಲೋ ಪೆರೇರ ಕುಟ್ಟುತ್ತಿದ್ದಾನೆ ಎಂದು ನಾವು ನಂಬಬೇಕು.

ಆ ಸದ್ದು ಸೋಸುವುದಕ್ಕೆ ಹೊರಟ ಮೇಲೆ ನನ್ನ ಅಡುಗೆಮನೆ ಕರಗುತ್ತ ಬಂತು. ಮೊದಲು ಒಲೆ ಊದುವ ಕೊಳವೆ ಹೋಯಿತು. ನೋಡಿದರೆ ಅದರ ಮೇಲೆ ಸಣ್ಣ ತಂತಿಯನ್ನು ಒತ್ತೊತ್ತಾಗಿ ನೂರಾರು ಸುತ್ತು ಸುತ್ತಿ ರೇಡಿಯೋದ ಹೊಟ್ಟೆಯೊಳಗೆ ಇಟ್ಟಿದ್ದ. ಆಮೇಲೆ ಮೆಣಸಿನಕಾಯಿ ತುಂಬಿಡುವ ತಗಡಿನ ಡಬ್ಬ ಹೋಯಿತು. ಹೊರಗಿನ ಸದ್ದು ಒಳಗೆ ನುಗ್ಗಬಾರದು ಅಂತ ಅರ್ಧ ಯಂತ್ರವನ್ನು ಅದರೊಳಗೆ ಕೂರಿಸಿದ್ದ. ರೇಡಿಯೋ ಬಿಸಿಯಾದರೆ ಮನೆಮಂದಿಯೆಲ್ಲ ಸೀನುತ್ತಿದ್ದೆವು.

"ಅತ್ತಿಗೆ, ಇದು ಫಿಲ್ಟರು. ಜರಡಿ ಇದ್ದಂಗೆ. ಬೇಡದ ಸದ್ದೆಲ್ಲ ಮೇಲೆ ನಿಲ್ತದೆ, ಬೇಕಾದ್ದು ಕೆಳಕ್ಕೆ ಬೀಳ್ತದೆ."

"ನಿನ್ನ ಜರಡಿ ಕಲ್ಲು ಕೆಳಕ್ಕೆ ಬಿಟ್ಟು ಹಿಟ್ಟು ಹಿಡ್ಕೊಂಡೈತೆ ನೋಡು" ಅಂದೆ. ಬಟ್ಟಲು ಕಿವಿಗಿಟ್ಟುಕೊಂಡೇ ಹೇಳಿದ್ದು. ಅವನು ಕಿತ್ತುಕೊಂಡ.

ಜರಡಿ ಅಂದರೆ ನಮ್ಮವ್ವನ ಕಿವಿ. ಸಮೇತನಹಳ್ಳಿಯಲ್ಲಿ ಸಂತೆಯ ದಿನ ಸಂಜೆ ಹತ್ತು ಹದಿನೈದು ಗಾಡಿ ಒಟ್ಟಿಗೆ ವಾಪಸು ಬರುತ್ತಿದ್ದವು. ಎಲ್ಲ ಎತ್ತಿಗೂ ಗೆಜ್ಜೆ, ಎಲ್ಲ ಗಾಡಿಗೂ ಕಿರಗುಟ್ಟುವ ಅಚ್ಚು, ನಾಯಿಗಳ ಬೊಗಳು ಬೇರೆ. ಅವ್ವ ರಾಗಿ ಬೀಸುತ್ತಿದ್ದವಳು ಕಲ್ಲು ನಿಲ್ಲಿಸದೆ, "ನಿಮ್ಮಪ್ಪ ಕೆರೆ ಏರಿ ಮೇಲವ್ನೆ, ಒಲೆ ಹಚ್ಚು" ಅನ್ನುತ್ತಿದ್ದಳು. ನಮ್ಮ ಎಡಗಡೆ ಎತ್ತಿನ ಗೆಜ್ಜೆಯಲ್ಲಿ ಒಂದು ಗುಂಡು ಒಡೆದಿತ್ತು. ಝಣ್ ಝಣ್ ಅನ್ನುವ ಕಡೆ ಅದು ಝಣ್ ಚಳ್ ಅನ್ನುತ್ತಿತ್ತು. ಅಪ್ಪ ಅದನ್ನು ಬದಲಾಯಿಸಲು ಹೋದರೆ ಅವ್ವ ಬಿಡಲಿಲ್ಲ. ಹಾಳಾಗಿದ್ದೇ ಗುರುತು ಅನ್ನುತ್ತಿದ್ದಳು. ಕೊಳವೆಯೂ ಬೇಡ, ಮೆಣಸಿನಕಾಯಿ ಡಬ್ಬವೂ ಬೇಡ. ಇದನ್ನು ಆಂಜಿನಪ್ಪನಿಗೆ ಹೇಳಿದರೆ, "ನಿಮ್ಮವ್ವನ್ನ ಸೈನ್ಯಕ್ಕೆ ಕಳಿಸ್ಬೇಕಿತ್ತು ಅತ್ತಿಗೆ" ಅಂದ. ಕಳಿಸಿದ್ದರೆ ಯುದ್ಧ ಬೇಗ ಮುಗಿಯುತ್ತಿತ್ತು.

ಇನ್ನು ಬಸ್ಸಿನ ಕತೆ. ಪೆಟ್ರೋಲು ಸಿಗದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಮಂಗಳವಾರ, ಗುರುವಾರ, ಶನಿವಾರ ನಮ್ಮ ಮನೆ ಮುಂದೆಯೇ ಅದು ಹೋಗುವುದು. ಬಸ್ಸಿನೊಳಗೆ ಕಿಡಿ ಹಾರುತ್ತದೆ, ಆ ಕಿಡಿ ರೇಡಿಯೋಗೆ ಕಾಣಿಸುತ್ತದೆ, ಅದಕ್ಕೇ ಟರ್ ಅನ್ನುತ್ತದೆ ಎಂದು ಆಂಜಿನಪ್ಪ ಕಂಡುಹಿಡಿದ. ಕಂಡುಹಿಡಿದು ಸುಮ್ಮನಿದ್ದನೇ? ಮಂಗಳವಾರ ನಾಲ್ಕು ಗಂಟೆಗೆ ರಸ್ತೆಗೆ ಅಡ್ಡ ನಿಂತು ಡ್ರೈವರಿಗೆ ಕೈಮುಗಿದ. "ಗುರುವೇ, ನಮ್ಮ ಮನೆ ದಾಟೋವರ್ಗೂ ಎಂಜಿನ್ನು ಆಫ್ ಮಾಡು, ಜನ ತಳ್ಳಲಿ." ಏರು ಹತ್ತುವಾಗ ಆ ಬಸ್ಸನ್ನು ಜನ ಹೇಗೂ ತಳ್ಳುತ್ತಿದ್ದರು, ಅಭ್ಯಾಸವಾಗಿತ್ತು. ಯಾಕೆ ಏನು ಎಂದು ಕೇಳದೆ ಇಳಿದು ತಳ್ಳಿದರು. ನಾಲ್ಕು ಮಂಗಳವಾರ ಹಾಗೆ ತಳ್ಳಿದ ಮೇಲೂ ಯಾರೂ ಯಾಕೆ ಎಂದು ಕೇಳಲಿಲ್ಲ.

ಬಸ್ಸಿನ ಟರ್ ಹೋಯಿತು, ಗೊರಗೊರ ಉಳಿಯಿತು. ಆಗ ಅವನು ನೆಲಕ್ಕೆ ಕೈ ಹಾಕಿದ. ರೇಡಿಯೋಗೆ ಒಂದು ತಂತಿ ಆಕಾಶದಿಂದ ಬರಬೇಕು, ಇನ್ನೊಂದು ಭೂಮಿಗೆ ಇಳಿಯಬೇಕು, ಬೇಡದ ಸದ್ದು ಅದರಲ್ಲಿ ಇಳಿದು ಹೋಗುತ್ತದೆ ಅನ್ನುವುದು ಅವನ ಲೆಕ್ಕ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಏನೋ ಒಂದು ತಾಮ್ರದ ತಟ್ಟೆ ಹೂತು ತಂತಿ ಎಳೆದ. ಆ ತಟ್ಟೆ ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ದೊಡ್ಡಬಳ್ಳಾಪುರದ ಗುಜರಿಯದು ಅಂದ. ಅದೇ ದಿನ ಹಂಡೆಯ ಮುಚ್ಚಳ ಕಾಣೆಯಾಯಿತು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅತ್ತೆ ಮಾತ್ರ ನನ್ನ ಕಡೆ ನೋಡಿ, "ತೌರಿಗೆ ಹೋಗೋಕೆ ಮುಂಚೇನೇ ಸಾಮಾನು ಹೋಗ್ತಾ ಐತೆ" ಅಂದರು.

ತೌರಿಗೆ ಹೋಗುವುದೇ ಆಗ ನನ್ನ ಚಿಂತೆ. ಮುಂದಿನ ವಾರ ಗೌರಿ ಹಬ್ಬ. ಹಿಂದಿನ ವರ್ಷ ಅತ್ತೆಗೆ ಮೈ ಸರಿಯಿಲ್ಲ ಎಂದು ಕಳಿಸಿರಲಿಲ್ಲ. ಅದರ ಹಿಂದಿನ ವರ್ಷ ರಾಗಿ ಕಳೆ ಎಂದು ಕಳಿಸಿರಲಿಲ್ಲ. ಈ ಸಲ ಕೇಳಿದರೆ ಮಾವ, "ಆ ಪೆಟ್ಟಿಗೆ ಮಾತಾಡೋವರ್ಗೂ ಈ ಮನೆಯಿಂದ ಯಾರೂ ಹೊರಡಂಗಿಲ್ಲ. ನೀರು ಸೇದೋರು ಯಾರು?" ಅಂದರು.

ನೀರಿನ ವಿಷಯ ಹೀಗೆ. ಹೂತ ತಟ್ಟೆಯ ಸುತ್ತ ಮಣ್ಣು ಒದ್ದೆ ಇದ್ದರೆ ಸದ್ದು ಇಳಿಯುತ್ತಿತ್ತು. ಇದು ನಿಜ, ನಾನೇ ಕಿವಿಯಾರೆ ಕೇಳಿದ್ದೇನೆ. ಒಂದು ಕೊಡ ಸುರಿದರೆ ಹುರುಳಿ ಹುರಿಯುವುದು ನಿಲ್ಲುತ್ತಿತ್ತು. ಆದರೆ ನಮ್ಮದು ಕಲ್ಲು ನೆಲ, ಒಂದು ವೀಳ್ಯ ಹಾಕಿಕೊಳ್ಳುವಷ್ಟರಲ್ಲಿ ನೀರು ಬಸಿದು ಮತ್ತೆ ಗೊರಗೊರ. ಸುರಿಯುತ್ತಲೇ ಇರಬೇಕು. ಅದಕ್ಕೆ ಅತ್ತೆ ಅಡ್ಡ ಬಂದರು. ಸೇದಿದ ನೀರನ್ನು ಸುಮ್ಮನೆ ನೆಲಕ್ಕೆ ಚೆಲ್ಲಿದರೆ ಮನೆಗೆ ದರಿದ್ರ ಅನ್ನುವುದು ಅವರ ಅತ್ತೆಯ ಕಾಲದಿಂದ ಬಂದ ಮಾತು.

"ಚೆಲ್ಲೋ ನೀರು ದಂಡ. ಮೈಮೇಲೆ ಸುರ್ಕೊಂಡ್ರೆ ಸ್ನಾನಾನಾದ್ರೂ ಆಯ್ತು, ನೀರು ಅಲ್ಲಿಗೇ ಹೋಯ್ತು" ಅಂದರು.

ಆಂಜಿನಪ್ಪ ಯೋಚಿಸಿ, "ಅವ್ವ ಹೇಳೋದು ಸರಿ. ನೀರಿಗೆ ಏನು ಗೊತ್ತಾಗ್ತದೆ?" ಅಂದ. ಸೈನ್ಯ ನೋಡಿ ಬಂದವನು!

ಹಾಗೆ ನಮ್ಮ ಮನೆಯಲ್ಲಿ ಸದ್ದಿಗೆ ಸ್ನಾನ ಮಾಡುವುದು ಶುರುವಾಯಿತು.

ಆ ಮಂಗಳವಾರ ಮೂರು ಸುತ್ತು ಆಯಿತು. ಬೆಳಿಗ್ಗೆ ಒಂದು, ನೆಲ ನೆನೆಯಲಿ ಅಂತ. ಮಧ್ಯಾಹ್ನ ಒಂದು, ಪರೀಕ್ಷೆಗೆ. ಮೂರೂಮುಕ್ಕಾಲಿಗೆ ಕಡೆಯದು. ಮಾವ ಎದ್ದು ಬರುತ್ತಿದ್ದ ಹಾಗೆ ಅತ್ತೆ, ಅತ್ತೆ ಎದ್ದರೆ ಯಜಮಾನರು. ಮೈಗೆ ಹಾಕಿಕೊಂಡರೆ ಸಾಲದು, ತಲೆಗೇ ಹಾಕಿಕೊಳ್ಳಬೇಕು, ನೀರು ಹೆಚ್ಚು ಹಿಡಿಯುತ್ತದೆ. ನಮ್ಮ ಯಜಮಾನರು ಜಾಸ್ತಿ ಮಾತಾಡುವವರಲ್ಲ. ಮೂರನೇ ಸಲ ಚೆಂಬು ಎತ್ತಿದಾಗ ಮಾತ್ರ, "ಮಳೆಗಾಲದ ಎಮ್ಮೆ ಮಾಡ್ಬಿಟ್ರಿ ನನ್ನ" ಅಂದರು. ಆಂಜಿನಪ್ಪ ಬಟ್ಟಲು ಹಾಕಿಕೊಳ್ಳುವ ಮುಂಚೆ ತಾನೂ ಎರಡು ಚೆಂಬು ಸುರಿದುಕೊಂಡ. ನನಗೊಬ್ಬಳಿಗೆ ಸ್ನಾನ ಇರಲಿಲ್ಲ. ಬಾವಿ ಹತ್ತಿರ ನಿಂತು ಅವರೆಲ್ಲರಿಗೂ ನೀರು ಸೇದಬೇಕಲ್ಲ.

ಬಟ್ಟೆಗೆ ಕಂಟ್ರೋಲು ಇದ್ದ ಕಾಲ. ಒಬ್ಬೊಬ್ಬರಿಗೆ ಎರಡೇ ಜೊತೆ. ಅವೆರಡೂ ಮೊದಲ ಎರಡು ಸ್ನಾನಕ್ಕೆ ಒದ್ದೆಯಾಗಿದ್ದವು. ಹಾಗಾಗಿ ಮೂರನೆಯದಾದ ಮೇಲೆ ಎಲ್ಲರೂ ಒದ್ದೆ ಬಟ್ಟೆಯಲ್ಲೇ ಮುಂದಿನ ಜಗುಲಿಗೆ ಹೋಗಿ ಬಿಸಿಲಿಗೆ ಸಾಲಾಗಿ ಕೂತರು. ಮಾತಾಡಬಾರದು ಅಂತ ಆಂಜಿನಪ್ಪನ ಕಟ್ಟಪ್ಪಣೆ. ಅವನು ಜಗುಲಿ ಕಿಟಕಿಯ ಒಳಗಡೆ ರೇಡಿಯೋದ ಮುಂದೆ. ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ.

ನಾಲ್ಕು ಗಂಟೆ. ಪೆರೇರ ಬಂದ. ಗೊರಗೊರದ ಅಡಿಯಿಂದ ಕಟ್ಟ ಕಡ, ಕಟ್ಟ ಕಡ. ಸೈನ್ಯದಲ್ಲಿ ಇವನನ್ನು ಕರೆಯುತ್ತಿದ್ದ ಅಡ್ಡಹೆಸರನ್ನೇ ಮೊದಲು ಕುಟ್ಟಿದನಂತೆ. ಆಂಜಿನಪ್ಪ ಬಟ್ಟಲು ಕಿತ್ತು ಹೊರಗೆ ಓಡಿ ಬಂದು ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತುಬಿಟ್ಟ. ಮಾವ ಅವನ ಬೆನ್ನು ಸವರಿದರು. ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

ಸರಿಯಾಗಿ ಆಗಲೇ ಬಸ್ಸು ಬಂತು. ಅಭ್ಯಾಸದಂತೆ ಡ್ರೈವರು ಎಂಜಿನ್ನು ನಿಲ್ಲಿಸಿದ, ಜನ ಇಳಿದು ತಳ್ಳತೊಡಗಿದರು. ತಳ್ಳುತ್ತ ಜಗುಲಿಯ ಕಡೆ ನೋಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಇಡೀ ಮನೆ ತಲೆಗೆ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕೂತಿದೆ. ಮಾತಿಲ್ಲ ಕತೆಯಿಲ್ಲ. ಬೆಳೆದ ಮಗ ಅಳುತ್ತಿದ್ದಾನೆ. ನಮ್ಮ ಕಡೆ ಹೆಣ ಕಳಿಸಿ ಬಂದ ಮೇಲೆ ಕೂರುವುದೇ ಹಾಗೆ. ಯಾರು ಹೋಗಿದ್ದು? ಎಣಿಸಿದ್ದಾರೆ. ಗೌಡರು ಇದ್ದಾರೆ, ಗೌಡತಿ ಇದ್ದಾರೆ, ಮಕ್ಕಳಿಬ್ಬರೂ ಇದ್ದಾರೆ. ಸೊಸೆ ಕಾಣುತ್ತಿಲ್ಲ.

ಡ್ರೈವರು ಪಾಪ ಒಳ್ಳೆಯವನು, ಟೋಪಿ ತೆಗೆದ. ಆವತ್ತು ಕೆರೆ ಏರಿಯವರೆಗೂ ತಳ್ಳಿಸಿದನಂತೆ.

ಬಸ್ಸು ಹೋದ ಮೇಲೆ, ತಳ್ಳುವವರ ಮಾತು ಕೇಳಿಸಿಕೊಂಡು, ಪಕ್ಕದ ಮನೆ ನರಸಮ್ಮ ಎದೆ ಬಡಿದುಕೊಳ್ಳುತ್ತ ಬಂದಳು. "ಅಯ್ಯೋ ಪಿಳ್ಳಮ್ಮಾ, ಬೆಳಿಗ್ಗೆ ನನ್ನತ್ರ ಮೊಸರು ಈಸ್ಕೊಂಡೋದ್ಯಲ್ಲೇ..." ನಾನು ಕೊಡ ಹೊತ್ತು ಹಿತ್ತಲಿಂದ ಬಂದು, "ಮೊಸರು ನಾಳೆ ಕೊಡ್ತೀನಿ, ಅದಕ್ಕೆ ಯಾಕಕ್ಕ ಇಷ್ಟು ಅಳ್ತೀಯ?" ಅಂದೆ. ಅವಳು ಕಿಟಾರನೆ ಕಿರುಚಿ ಜಗುಲಿಯಿಂದ ಬಿದ್ದಳು. ಮೊಣಕೈ ತರಚಿತು. ಅದಕ್ಕೂ ನಾನೇ ಅರಿಶಿನ ಹಚ್ಚಿದೆ.

ಊರಿನವರೆಲ್ಲ ನಕ್ಕರು. ಬಸ್ಸಿನ ಹಿಂದೆ ಓಡಿ ನಿಜ ಹೇಳಲು ಯಾರಿಗೂ ತೋಚಲಿಲ್ಲ. ನಾಡಿದ್ದು ಬರುತ್ತಲ್ಲ, ಆಗ ಹೇಳಿದರಾಯಿತು ಅಂದರು.

ಪೆರೇರ ಬಂದನಲ್ಲ, ಇನ್ನು ನನ್ನನ್ನು ಕಳಿಸಿ ಎಂದು ಆ ಸಂಜೆಯೇ ಕೇಳಿದೆ. ಮಾವ ಒಪ್ಪಲಿಲ್ಲ. ಆಂಜಿನಪ್ಪ ಅವರ ಕಿವಿಗೂ ಬಟ್ಟಲು ಇಟ್ಟಿದ್ದ.

"ಅದು ಮಾತಾ? ಮರಕುಟಿಗ ಮರ ಕುಟ್ಟಿದಂಗೆ ಕುಟ್ತು. ಕಟ್ಟೆ ಮೇಲೆ ಹೋಗಿ ಏನಂತ ಹೇಳ್ಲಿ ನಾನು? ಮನುಷ್ಯನ ಬಾಯಿಂದ ಮನುಷ್ಯನ ಮಾತು ಬರ್ಲಿ, ಆಮೇಲೆ ಹೋಗು."

ಮುಂದಿನ ಮಂಗಳವಾರದ ಹೊತ್ತಿಗೆ ಗೌರಿ ಬಂದಿರುತ್ತಾಳೆ. ನಾನು ಅಳಲಿಲ್ಲ. ಅತ್ತರೆ ಅದನ್ನೂ ತಟ್ಟೆಯ ಮೇಲೆ ಬಂದು ಅಳು ಅನ್ನುತ್ತಿದ್ದರು.

ಗುರುವಾರ ಮಧ್ಯಾಹ್ನ ಮುಚ್ಚಳವಿಲ್ಲದ ಹಂಡೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದೆ. ಒಳಗೆ ಆಂಜಿನಪ್ಪ ಬಟ್ಟಲನ್ನು ತಪ್ಪಲೆಯೊಳಗಿಟ್ಟು ಗೊರಗೊರ ಜೋರು ಮಾಡಿಕೊಂಡು ಮಾತಾಡುವ ಸ್ಟೇಷನ್ನು ಹುಡುಕುತ್ತಿದ್ದ. ಬೀದಿಯಲ್ಲಿ ನಾಲ್ಕಾರು ಗಾಡಿ ಸಂದಣಿ. ಅದೆಲ್ಲದರ ನಡುವೆ ಝಣ್ ಚಳ್, ಝಣ್ ಚಳ್ ಅಂತ ಕೇಳಿಸಿತು. ಕೈಯಲ್ಲಿದ್ದ ತೆಂಗಿನ ನಾರು ಬಿಸಾಕಿ ಬೀದಿಗೆ ಬಂದೆ.

ಗಾಡಿಯಲ್ಲಿ ಅಪ್ಪ ಅವ್ವ ಇಬ್ಬರೂ ಇದ್ದರು. ಬಸ್ಸಿನ ಸುದ್ದಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ದೇವನಹಳ್ಳಿಗೆ ಹೋಗಿ, ಬುಧವಾರ ಮಧ್ಯಾಹ್ನ ಸಮೇತನಹಳ್ಳಿ ಮುಟ್ಟಿತ್ತು. ಹೆಣ ಸಿಗುವುದಿಲ್ಲ, ಮೂರನೇ ದಿನದ ಹಾಲುತುಪ್ಪಕ್ಕಾದರೂ ಮುಟ್ಟೋಣ ಎಂದು ಹೊರಟು ಬಂದಿದ್ದರು. ಅಪ್ಪ ನನ್ನನ್ನು ನೋಡಿ ಮೂಗುದಾರದ ಹಗ್ಗ ಕೈಬಿಟ್ಟ. ಎತ್ತುಗಳು ತಾವಾಗಿಯೇ ನಿಂತವು.

"ಯಾರು ಹೋದ್ರಪ್ಪ?" ಅಂದೆ ನಾನು. ಅವ್ವನ ಮುಖ ಆ ಥರ ಇತ್ತು.

"ನೀನೇ ಕಣವ್ವ" ಅಂದ ಅಪ್ಪ.

"ನಾನೆಲ್ಲಿಗೂ ಹೋಗಿಲ್ಲ. ಕಳಿಸಿದ್ರೆ ತಾನೆ."

ಅವ್ವ ಗಾಡಿಯಿಂದ ಇಳಿದು ನನ್ನ ಕೆನ್ನೆಗೆ ಒಂದು ಬಿಟ್ಟಳು. ಬಿಟ್ಟ ಮೇಲೆ ಅದೇ ಕೈಯಲ್ಲಿ ನನ್ನ ಜಡೆ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಬೂದಿ ಎಲ್ಲ ಅವಳ ಸೀರೆಗೆ ಆಯಿತು.

ಅಪ್ಪ ಜಗುಲಿಯ ಮೇಲೆ ಕೂತು ನಡೆದದ್ದನ್ನು ಕೇಳಿದ. ಮಾವ ಹೇಳಿದರು, ಆಂಜಿನಪ್ಪ ಹೇಳಿದ. ಅಪ್ಪನ ಕಿವಿಗೆ ಬಟ್ಟಲನ್ನೂ ಇಟ್ಟ. ಅಪ್ಪ ಸ್ವಲ್ಪ ಹೊತ್ತು ಗೊರಗೊರ ಕೇಳಿ ತೆಗೆದಿಟ್ಟ.

"ಇದುಕ್ಕಾ ನನ್ನ ಮಗಳನ್ನ ಸಾಯಿಸಿದ್ದು?"

ಆಗ ಅವ್ವ ಗಾಡಿಯಿಂದ ಗಂಟು ತಂದು ಬಿಚ್ಚಿದಳು. ನನ್ನ ಎಡೆಗೆ ಎಂದು ತಂದದ್ದು. ಒಂದು ಬುಟ್ಟಿ ಕೋಡುಬಳೆ. ಒಂದು ಹಸಿರು ಸೀರೆ, ರೇಷ್ಮೆ ಅಂಚಿನದು. ಬದುಕಿದ್ದಾಗ ಅಪ್ಪ ಒರಟು ನೂಲಿನದನ್ನೇ ತರುತ್ತಿದ್ದದ್ದು. ಈ ಕಂಟ್ರೋಲಿನ ಕಾಲದಲ್ಲಿ ಅದನ್ನು ಎಲ್ಲಿ ಯಾರ ಕಾಲು ಹಿಡಿದು ತಂದನೋ. ಸಾಯುವುದರಲ್ಲಿ ಲಾಭ ಇದೆ ಅಂತ ಆಗ ಗೊತ್ತಾಯಿತು.

ಅತ್ತೆ ಸೀರೆ ನೋಡಿದ್ದೇ ಹಿಂದಕ್ಕೆ ಸರಿದರು. "ಹೆಣಕ್ಕೆ ಅಂತ ತಂದಿದ್ದನ್ನ ನನ್ನ ಮನೆ ಹೊಸ್ಲು ದಾಟಿಸ್ಬೇಡಿ ಬೀಗ್ರೆ, ನಿಮ್ಮ ದಮ್ಮಯ್ಯ. ವಾಪಸ್ ತಗೊಂಡೋಗಿ."

"ಸಾವಿಗೆ ತಂದದ್ದನ್ನ ಕೈನಾಗೆ ಹಿಡ್ಕೊಂಡು ವಾಪಸ್ ಹೋಗೋದು ಯಾವೂರ ಪದ್ಧತಿನಮ್ಮ? ನಾನು ತಗೊಂಡೋಗಂಗಿಲ್ಲ" ಅಂದ ಅಪ್ಪ.

"ಬಾವಿಗೆ ಹಾಕಿ" ಅಂದರು ಮಾವ.

"ಕುಡಿಯೋ ನೀರು!" ಅಂದರು ಅತ್ತೆ.

"ಸುಟ್ಬಿಡಿ" ಅಂದ ಆಂಜಿನಪ್ಪ. ಹೆಂಗಸರು ಇಬ್ಬರೂ ಅವನ ಕಡೆ ನೋಡಿದ ನೋಟಕ್ಕೆ ಒಳಗೆ ಹೋಗಿ ರೇಡಿಯೋದ ಹಿಂದೆ ಕೂತ.

ಸಂಜೆಯಾಯಿತು. ಸೀರೆ ಜಗುಲಿಯ ಅಂಚಿನಲ್ಲೇ ಇತ್ತು, ಒಳಗೂ ಇಲ್ಲ ಹೊರಗೂ ಇಲ್ಲ. ಆಡಿದ್ದನ್ನೇ ಆಡುತ್ತಿದ್ದರು. ನನಗೆ ಅವರೆಲ್ಲರ ಮಾತು ಗೊರಗೊರ ಅನ್ನಿಸತೊಡಗಿತು. ಅದರಡಿಯಲ್ಲಿ ಒಂದೇ ಒಂದು ವಿಷಯ ಚೆನ್ನಾಗಿ ಕೇಳಿಸುತ್ತಿತ್ತು. ಹೇಳಿಬಿಟ್ಟೆ.

"ಕೈನಾಗೆ ಹಿಡ್ಕೊಂಡು ಹೋಗಂಗಿ‌ಲ್ಲ ಅಲ್ವಾ? ಯಾರಿಗೆ ತಂದ್ರೋ ಅವರು ಉಟ್ಕೊಂಡು ಹೋಗಬೌದಲ್ಲ."

ಅತ್ತೆ ಬೆರಳು ಮಡಚಿ ಏನೋ ಲೆಕ್ಕ ಹಾಕಿ, ಶಾಸ್ತ್ರದಲ್ಲಿ ಎಲ್ಲೂ ತಪ್ಪು ಸಿಗದೆ, "ಅದು ಸರಿನೇ" ಅಂದರು. ಮಾವ ಮಾತ್ರ ಬಿಡಲಿಲ್ಲ. "ಇವಳು ಹೋದ್ರೆ ನೀರು ಸೇದೋರ್ಯಾರು?"

ಅಪ್ಪ ಟವಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಏನ್ ಬೀಗ್ರೆ, ಮಂಗಳವಾರ ಸತ್ತೋಳು ನೀರು ಸೇದ್ತಾಳಾ?"

ಮರುದಿನ ಬೆಳಿಗ್ಗೆ ಕೋಳಿ ಕೂಗುವ ಮುಂಚೆ ಎದ್ದು, ನನ್ನ ಹೆಣಕ್ಕೆಂದು ತಂದ ಸೀರೆಯನ್ನು ನೆರಿಗೆ ಹಿಡಿದು ಉಟ್ಟೆ. ಬಾವಿಯ ಹಗ್ಗವನ್ನು ಆಂಜಿನಪ್ಪನ ಕೈಗೆ ಕೊಟ್ಟೆ. ಹಂಡೆಯ ಮುಚ್ಚಳ ಏನಾದರೂ ಇದೆಯೋ ಎಂದು ಅತ್ತೆ ನನ್ನ ಗಂಟು ತಡಕಿ ನೋಡಿದರು, ನೋಡಲಿ ಎಂದು ಬಿಟ್ಟೆ. ಗಾಡಿ ಹತ್ತಿ, ಊರು ದಾಟುವ ಮುಂಚೆಯೇ ಬುಟ್ಟಿ ಬಿಚ್ಚಿ ನನ್ನ ಎಡೆಯ ಕೋಡುಬಳೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಅವ್ವ ಅಳುತ್ತ ಅಳುತ್ತ ಎರಡು ಸಲ ಉಪ್ಪು ಹಾಕಿದ್ದಳು. ಇನ್ನೊಂದು ತೆಗೆದುಕೊಂಡೆ.